ಸೋಲುವ ತಂಡವಾದರೂ ಊರಿನ ತಂಡ: ಪಿಟ್ಸ್‌ಬರ್ಗ್‌ಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ನಮಸ್ಕಾರ. ಪಿಟ್ಸ್‌ಬರ್ಗ್‌ನಲ್ಲಿ ನಿಮ್ಮ ಮೊದಲ ಚಳಿಗಾಲ ಮುಗಿದಿದೆ. ಮನೆ ಸಿಕ್ಕಿತು, ಬ್ಯಾಂಕ್ ಖಾತೆ ಆಯಿತು, ಡ್ರೈವಿಂಗ್ ಲೈಸೆನ್ಸೂ ಬಂತು, ಆದರೆ ಇಲ್ಲಿಯವರ ಜೊತೆ ಮಾತು ಮಾತ್ರ ಕೂಡುತ್ತಿಲ್ಲ ಎಂದು ಬರೆದಿದ್ದೀರಿ. ಮಾರ್ಚ್ ಬಂದದ್ದೇ ತಡ, ಆಫೀಸಿನಲ್ಲಿ ಎಲ್ಲರೂ ಪೈರೇಟ್ಸ್ ಬೇಸ್‌ಬಾಲ್ ತಂಡದ ಬಗ್ಗೆ ಮಾತಾಡುತ್ತಾರೆ. ‘ಈ ಸಲವೂ ಸೋಲೇ’ ಅನ್ನುವವರೂ ಅವರೇ, ಟಿಕೆಟ್ ತೆಗೆದುಕೊಳ್ಳುವವರೂ ಅವರೇ. ಇದು ಯಾವ ಸೀಮೆಯ ಅಭಿಮಾನ, ನೋಡುವುದೇ ಆದರೆ ಗೆಲ್ಲುವ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡವನ್ನು ನೋಡಬಾರದೇ ಎಂದು ಕೇಳಿದ್ದೀರಿ.

ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ನನ್ನನ್ನು ಕೇಳಿದರೆ, ನೀವು ಬದುಕುತ್ತಿರುವ ಊರಿನ ತಂಡವನ್ನೇ ನಿಮ್ಮದು ಮಾಡಿಕೊಳ್ಳಿ. ಸೋಲುತ್ತದೆ ಎಂದು ಗೊತ್ತಿದ್ದೇ ಮಾಡಿಕೊಳ್ಳಿ. ಈ ಊರು ನನಗೆ ಊರು ಅನ್ನಿಸಿದ್ದರಲ್ಲಿ ಆ ತಂಡದ ಪಾಲು ತುಂಬಾ ದೊಡ್ಡದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಬೇಸ್‌ಬಾಲ್ ಸೀಸನ್ ಎಂದರೆ ಏನು ಅನ್ನುವುದು ತಲೆಯಲ್ಲಿ ಕೂರಬೇಕು. ನಾವು ಐಪಿಎಲ್ ನೋಡಿ ಬೆಳೆದವರು. ಅಲ್ಲಿ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ಎಂಟು ಸೋತರೆ ಕಥೆ ಹೆಚ್ಚುಕಡಿಮೆ ಮುಗಿಯಿತು. ಇಲ್ಲಿ ಒಂದು ತಂಡಕ್ಕೆ 162 ಪಂದ್ಯ, ಅದರಲ್ಲಿ 81 ತವರಿನಲ್ಲಿ. ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಆಟ. ಇಷ್ಟು ಆಡುವಾಗ ಯಾರೂ ಎಲ್ಲವನ್ನೂ ಗೆಲ್ಲುವುದಿಲ್ಲ, ಯಾರೂ ಎಲ್ಲವನ್ನೂ ಸೋಲುವುದಿಲ್ಲ. 2025ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ ಗೆದ್ದ ಡಾಡ್ಜರ್ಸ್ ಸೀಸನ್‌ನಲ್ಲಿ 93 ಗೆದ್ದು 69 ಸೋತರು. ನಮ್ಮ ಪೈರೇಟ್ಸ್ 71 ಗೆದ್ದು 91 ಸೋತರು. ಚಾಂಪಿಯನ್ನರಿಗೂ ನಮಗೂ ಇದ್ದ ಅಂತರ 22 ಗೆಲುವು. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಒಂದು ಪಂದ್ಯವೂ ಆಗುವುದಿಲ್ಲ! 2022ರಲ್ಲಿ ನಾವು ಸರಿಯಾಗಿ 100 ಪಂದ್ಯ ಸೋತೆವು. ಇಲ್ಲಿ ನೂರು ಸೋಲು ಎಂದರೆ ಅವಮಾನದ ಗೆರೆ. ಆದರೆ ಆ ವರ್ಷವೂ 62 ದಿನ ಈ ಊರು ಗೆದ್ದ ಖುಷಿಯಲ್ಲಿ ಮಲಗಿದೆ.

ಸೋಲುವ ಸೀಸನ್ ಅನ್ನು ನೋಡುವ ಕ್ರಮವೇ ಇದು. ಸೀಸನ್ ಅನ್ನು ನೋಡಬೇಡಿ, ಇವತ್ತಿನ ಆಟ ನೋಡಿ. ಏಪ್ರಿಲ್‌ನಲ್ಲೇ ಅಂಕಪಟ್ಟಿ ಹಿಡಿದು ಕೂತರೆ ಮೇ ತಿಂಗಳಿಗೆ ಮನಸ್ಸು ಕೆಡುತ್ತದೆ. ಇವತ್ತು ಚೆಂಡೆಸೆಯುವ ಪಿಚರ್ ಯಾರು, ಆ ಹೊಸ ಹುಡುಗ ಎಡಗೈ ಪಿಚರ್ ಎದುರು ಹೇಗೆ ಆಡುತ್ತಾನೆ, ಒಂಬತ್ತು ಇನ್ನಿಂಗ್‌ನ ಆಟದ ಎಂಟನೆಯದರಲ್ಲಿ ಒಂದು ರನ್ನಿನ ಮುನ್ನಡೆ ಉಳಿಯುತ್ತದಾ? ಒಂದು ಸಂಜೆಗೆ ಇಷ್ಟು ಸಾಕು.

ನೀವು ಆರ್‌ಸಿಬಿ ಅಭಿಮಾನಿಯೇ ಇರಬೇಕು. ಹಾಗಿದ್ದರೆ ಕಾಯುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. 2008ರಿಂದ ಕಾದು 2025ರ ಜೂನ್ 3ರಂದು ಪಂಜಾಬ್ ಎದುರು ಆರು ರನ್ನಿನಿಂದ ಕಪ್ ಗೆದ್ದಾಗ ಇಲ್ಲಿ ನಮ್ಮ ಮನೆಯಲ್ಲೂ ಕಣ್ಣೀರು ಬಂದಿತ್ತು. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಎಂದು ನಿಜವಾಗಿ ನಂಬಿಯೇ ಶುರು ಮಾಡುತ್ತಿದ್ದೆವು, ಕೊಹ್ಲಿ ಇದ್ದ ತಂಡ ಅದು. ಇಲ್ಲಿ ಬಹಳ ಸಲ ಮಾರ್ಚ್‌ನಲ್ಲೇ ಗೊತ್ತಿರುತ್ತದೆ, ಈ ವರ್ಷ ಆಗದು ಎಂದು. ಆ ನಂಬಿಕೆ ಇಲ್ಲದೆಯೂ ಜೊತೆಗೆ ನಿಲ್ಲುವುದನ್ನು ನಾನು ಕಲಿತದ್ದು ಈ ಊರಿನ ಹಿರಿಯರಿಂದ.

ಯಾಕೆ ಹೀಗೆ ಸೋಲುತ್ತಾರೆ? ಮುಖ್ಯ ಕಾರಣ ದುಡ್ಡು. ಐಪಿಎಲ್‌ನಲ್ಲಿ ಹರಾಜಿಗೆ ಎಲ್ಲರಿಗೂ ಒಂದೇ ಮಿತಿ, 2025ರಲ್ಲಿ 120 ಕೋಟಿ ರೂಪಾಯಿ. ಇಲ್ಲಿ ಅಂಥ ಮಿತಿ ಇಲ್ಲ. ಒಂದು ಗೆರೆ ದಾಟಿದರೆ ತೆರಿಗೆ ಕಟ್ಟಬೇಕು, ಅಷ್ಟೆ. ಡಾಡ್ಜರ್ಸ್ ಆಟಗಾರರ ಒಟ್ಟು ಸಂಬಳ 30 ಕೋಟಿ ಡಾಲರ್ ದಾಟಿದೆ. 2025ರ ಸೀಸನ್ ಶುರುವಾದಾಗ ನಮ್ಮದು 10 ಕೋಟಿಯನ್ನೂ ಮುಟ್ಟಿರಲಿಲ್ಲ. ಒಳ್ಳೆಯ ಆಟಗಾರ ಇಲ್ಲಿ ಬೆಳೆಯುತ್ತಾನೆ, ಆರು ವರ್ಷ ಸೇವೆ ಆದ ಮೇಲೆ ಎಲ್ಲಿ ಬೇಕಾದರೂ ಹೋಗಬಹುದು, ಹೋಗುತ್ತಾನೆ. ಇಲ್ಲವೇ ಅದಕ್ಕೂ ಮೊದಲು ತಂಡವೇ ಅವನನ್ನು ಬೇರೆಯವರಿಗೆ ಕೊಟ್ಟು ಬದಲಿಗೆ ಹುಡುಗರನ್ನು ತರುತ್ತದೆ. ತಂಡದ ಮಾಲೀಕರು ಇನ್ನೂ ಖರ್ಚು ಮಾಡಬಹುದಿತ್ತು ಎಂದು ಈ ಊರಿನಲ್ಲಿ ಹೆಚ್ಚಿನವರು ನಂಬುತ್ತಾರೆ, ನಾನೂ ನಂಬುತ್ತೇನೆ. 2025ರಲ್ಲಿ ಸ್ಟೇಡಿಯಂನಲ್ಲೇ ಜನ ‘ತಂಡ ಮಾರಿ’ ಎಂದು ಕೂಗಿದರು. ನಿಷ್ಠೆ ಇದ್ದವರು ಸುಮ್ನೆ ಇರಬೇಕು ಎಂದೇನೂ ಇಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟೇಡಿಯಂನ ಬಲಗಡೆಯ ಗೋಡೆಯ ಮೇಲಿದ್ದ 21 ಎಂಬ ಗುರುತನ್ನು ತೆಗೆದು ಅಲ್ಲಿ ಜಾಹೀರಾತು ಹಾಕಿದ್ದರು. ಅದು ರಾಬರ್ಟೊ ಕ್ಲೆಮೆಂಟೆಯ ಸಂಖ್ಯೆ. ಕುಟುಂಬದವರು ಬೇಸರಪಟ್ಟರು, ಊರು ಸಿಟ್ಟಾಯಿತು, ಗುರುತು ವಾಪಸ್ ಬಂತು. ಕ್ಲೆಮೆಂಟೆ ಯಾರೆಂದು ತಿಳಿಯದೆ ಪಿಟ್ಸ್‌ಬರ್ಗ್ ತಿಳಿಯುವುದಿಲ್ಲ. 1955ರಲ್ಲಿ ಪೋರ್ಟೊ ರಿಕೊದಿಂದ ಇಲ್ಲಿಗೆ ಆಡಲು ಬಂದ ಹುಡುಗ. ಸ್ಪ್ಯಾನಿಷ್ ಮಾತೃಭಾಷೆ, ಕಪ್ಪು ಬಣ್ಣ. ಅವನ ಇಂಗ್ಲಿಷನ್ನು ಪತ್ರಿಕೆಗಳು ಅವನು ಉಚ್ಚರಿಸಿದ ಹಾಗೇ ಅಚ್ಚು ಹಾಕಿ ಅಣಕಿಸುತ್ತಿದ್ದವು. ಹೊರಗಿನಿಂದ ಬಂದು ಉಚ್ಚಾರಣೆಯ ಬಗ್ಗೆ ನಾಚಿಕೊಂಡ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ ಅಲ್ವಾ? ಅವನು 18 ಸೀಸನ್ ಈ ಒಂದೇ ತಂಡಕ್ಕೆ ಆಡಿದ. ಹೊಡೆದು ಬೇಸ್ ತಲುಪುವುದಕ್ಕೆ ಹಿಟ್ ಅನ್ನುತ್ತಾರೆ, ಅಂಥವನ್ನು ಸರಿಯಾಗಿ 3000 ಹೊಡೆದ. 1972ರ ಡಿಸೆಂಬರ್ 31ರಂದು, ಭೂಕಂಪದಿಂದ ನೆಲಕಚ್ಚಿದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ಹೊತ್ತ ವಿಮಾನದಲ್ಲಿ ತಾನೇ ಹೊರಟ. ವಿಮಾನ ಸಮುದ್ರಕ್ಕೆ ಬಿತ್ತು. ಈಗಿನ ಸ್ಟೇಡಿಯಂ ಪಿಎನ್‌ಸಿ ಪಾರ್ಕ್‌ನ ಬಲಗಡೆಯ ಗೋಡೆ 21 ಅಡಿ ಎತ್ತರ ಇರುವುದು ಅವನಿಗಾಗಿ. ಡೌನ್‌ಟೌನ್‌ನಿಂದ ಸ್ಟೇಡಿಯಂಗೆ ಹೋಗುವ ಹಳದಿ ಸೇತುವೆಗೂ ಅವನದೇ ಹೆಸರು. ಆಟದ ದಿನ ಅದರ ಮೇಲೆ ವಾಹನ ಬಿಡುವುದಿಲ್ಲ, ಜನ ನಡೆದು ಹೋಗುತ್ತಾರೆ.

1971ರ ಸೆಪ್ಟೆಂಬರ್ 1ರಂದು ಇಲ್ಲಿನ ಅತಿ ಮೇಲಿನ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಮೊದಲ ಸಲ ಕಪ್ಪು ಮತ್ತು ಲ್ಯಾಟಿನೋ ಆಟಗಾರರೇ ತುಂಬಿದ ಒಂಬತ್ತು ಜನರ ತಂಡ ಮೈದಾನಕ್ಕಿಳಿದದ್ದೂ ಇಲ್ಲೇ. ಆ ವರ್ಷ ವರ್ಲ್ಡ್ ಸೀರೀಸನ್ನೂ ಗೆದ್ದರು. ಒಟ್ಟು ಐದು ಸಲ ಗೆದ್ದಿದ್ದಾರೆ. ಕೊನೆಯದು 1979.

ಆಮೇಲಿನ ಕಥೆ ನೋವಿನದು. 1992ರಲ್ಲಿ ವರ್ಲ್ಡ್ ಸೀರೀಸ್‌ಗೆ ಮೂರು ಔಟ್ ಬಾಕಿ ಇತ್ತು. ಅದಕ್ಕೆ ಮುಂಚಿನ ಸರಣಿ, ಅಟ್ಲಾಂಟಾ ತಂಡದ ಎದುರು ಅವರ ಊರಿನಲ್ಲೇ ಏಳನೇ ಪಂದ್ಯದ ಒಂಬತ್ತನೇ ಇನ್ನಿಂಗ್. ಎರಡು ರನ್ ಮುಂದಿದ್ದವರು ಕೊನೆಯ ಹೊಡೆತದಲ್ಲಿ ಸೋತರು. ನಮ್ಮ ಬ್ಯಾರಿ ಬಾಂಡ್ಸ್ ಎಸೆದ ಚೆಂಡು ಬರುವಷ್ಟರಲ್ಲಿ ಅಟ್ಲಾಂಟಾದ ಸಿಡ್ ಬ್ರೀಮ್ ಜಾರಿಕೊಂಡು ಬಂದು ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದ್ದ. ಆ ಬ್ರೀಮ್ ಹಿಂದೆ ನಮ್ಮ ತಂಡದವನೇ. ಆ ಚಳಿಗಾಲ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. 1993ರಿಂದ 2012ರವರೆಗೆ ಒಂದೇ ಸಮನೆ 20 ಸೋಲಿನ ಸೀಸನ್. ಅದರ ಶುರುವಿನಲ್ಲಿ ಹುಟ್ಟಿದ ಮಕ್ಕಳು ತಮ್ಮ ತಂಡ ಸೋತದ್ದಕ್ಕಿಂತ ಜಾಸ್ತಿ ಗೆದ್ದ ಒಂದು ವರ್ಷವನ್ನೂ ನೋಡದೆ ಕಾಲೇಜು ಸೇರಿದರು. ಆದರೂ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಹೋಗುವುದನ್ನು ಬಿಡಲಿಲ್ಲ.

2013ರಲ್ಲಿ 94 ಗೆದ್ದರು. ಅಕ್ಟೋಬರ್ 1ರಂದು ಸಿನ್ಸಿನಾಟಿ ರೆಡ್ಸ್ ಎದುರು ಸೋತರೆ ಮನೆಗೆ ಅನ್ನುವ ಒಂದೇ ಪಂದ್ಯದ ಪ್ಲೇಆಫ್ ಸುತ್ತು, ವೈಲ್ಡ್ ಕಾರ್ಡ್. ನಲವತ್ತು ಸಾವಿರ ಜನ, ಹೆಚ್ಚಿನವರು ಕಪ್ಪು ಅಂಗಿಯಲ್ಲಿ. ರೆಡ್ಸ್‌ನ ಪಿಚರ್ ಜಾನಿ ಕ್ವೇಟೊನ ಹೆಸರನ್ನು ಇಡೀ ಸ್ಟೇಡಿಯಂ ರಾಗವಾಗಿ ಎಳೆದು ಕೂಗುತ್ತಿತ್ತು. ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಮುಂದಿನ ಎಸೆತವನ್ನೇ ನಮ್ಮ ರಸೆಲ್ ಮಾರ್ಟಿನ್ ಗೋಡೆ ದಾಟಿಸಿ ಹೋಮ್ ರನ್ ಹೊಡೆದ. ನಾನು ಆ ಗದ್ದಲದ ಮಧ್ಯೆ ಇದ್ದೆ. ಪಕ್ಕದಲ್ಲಿದ್ದ ಅಪರಿಚಿತ ಅಜ್ಜ ನನ್ನನ್ನು ತಬ್ಬಿಕೊಂಡು ಅತ್ತರು. ಅವರು ಆ ಇಪ್ಪತ್ತು ವರ್ಷವೂ ಬಂದಿದ್ದವರು. ಗೆದ್ದ ಮೇಲೆ ಸೇರಿಕೊಂಡವರಿಗೆ ಆ ಅಳು ಬರುವುದಿಲ್ಲ. ನನಗೂ ಅಷ್ಟು ಬರಲಿಲ್ಲ, ಇನ್ನೂ ಮೊದಲೇ ನೋಡಲು ಶುರು ಮಾಡಬೇಕಿತ್ತು ಅನ್ನಿಸಿತು.

2014 ಮತ್ತು 2015ರಲ್ಲೂ ಪ್ಲೇಆಫ್ ಮುಟ್ಟಿದರು. ಆಮೇಲೆ ಮತ್ತೆ ಇಳಿಮುಖ.

ವಲಸೆ ಬಂದವರಾಗಿ ನೀವು ಇನ್ನೊಂದು ವಿಷಯ ಗಮನಿಸಬೇಕು. 1980ರ ದಶಕದಲ್ಲಿ ಇಲ್ಲಿನ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಲಕ್ಷಕ್ಕೂ ಜಾಸ್ತಿ ಜನ ಕೆಲಸ ಹುಡುಕಿ ಫ್ಲೋರಿಡಾ, ಟೆಕ್ಸಾಸ್ ಎಂದು ಹೊರಟರು. ಊರು ಬಿಟ್ಟರೂ ತಂಡದ ಕಪ್ಪು-ಚಿನ್ನದ ಬಣ್ಣ ಬಿಡಲಿಲ್ಲ. ಬೇರೆ ಊರುಗಳಲ್ಲಿ ಪೈರೇಟ್ಸ್ ಆಡುವಾಗ ಆ ಬಣ್ಣದ ಗುಂಪುಗಳು ಕಾಣುತ್ತವೆ. ಅವರು ಹೊರಗೆ ಹೋದರು, ನಾವು ಒಳಗೆ ಬಂದೆವು. ಊರು ಬಿಟ್ಟ ಸಂಕಟ ಗೊತ್ತಿರುವ ಜನ ಇವರು. ಆಫೀಸಿನಲ್ಲಿ ‘ನಿನ್ನೆ ಆಟ ನೋಡಿದಿರಾ’ ಎಂದು ಕೇಳಿದರೆ, ಐದು ನಿಮಿಷದಲ್ಲಿ ಅವರ ಅಣ್ಣ ಯಾವ ಊರಿಗೆ ಹೋದ, ಅಪ್ಪ ಯಾವ ಮಿಲ್‌ನಲ್ಲಿದ್ದರು ಎಂಬಲ್ಲಿಗೆ ಮಾತು ಬರುತ್ತದೆ. ಗೆಲ್ಲುವ ದೂರದ ತಂಡ ಹಿಡಿದುಕೊಂಡರೆ ಈ ಮಾತು ಸಿಗುವುದಿಲ್ಲ.

ಈ ಊರಿನ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಯೂನಿವರ್ಸಿಟಿ ಹತ್ತಿರ ತಂಡದ ಹಳೆಯ ಸ್ಟೇಡಿಯಂ ಫೋರ್ಬ್ಸ್ ಫೀಲ್ಡ್‌ನ ಗೋಡೆಯ ಒಂದು ಭಾಗ ಇನ್ನೂ ಇದೆ. 1960ರ ಅಕ್ಟೋಬರ್ 13ರಂದು ಬಿಲ್ ಮ್ಯಾಜೆರೋಸ್ಕಿ ಯಾಂಕೀಸ್ ಎದುರು ವರ್ಲ್ಡ್ ಸೀರೀಸ್ ಗೆಲ್ಲಿಸಿದ ಹೋಮ್ ರನ್ ಹೊಡೆದ ಮೈದಾನ ಅದು. ಪ್ರತಿ ವರ್ಷ ಅದೇ ದಿನ ಜನ ಆ ಗೋಡೆಯ ಹತ್ತಿರ ಸೇರಿ ಆ ಪಂದ್ಯದ ಹಳೆಯ ರೇಡಿಯೊ ಕಾಮೆಂಟರಿಯನ್ನು ಮೊದಲಿಂದ ಕೇಳುತ್ತಾರೆ. ಒಮ್ಮೆ ಹೋಗಿ. ರೇಡಿಯೊದಲ್ಲಿ ಮೇಜರ್ ಲೀಗ್ ಪಂದ್ಯ ಮೊದಲು ಬಿತ್ತರವಾದದ್ದೂ ಈ ಊರಿನಿಂದಲೇ, 1921ರ ಆಗಸ್ಟ್ 5ರಂದು. ನೀವೂ ಕಾರಿನಲ್ಲಿ ರೇಡಿಯೊ ಹಾಕಿ ಕೇಳುತ್ತಿರಿ. ಆಟವೂ ಅರ್ಥವಾಗುತ್ತದೆ, ಇಲ್ಲಿಯವರ ಮಾತಿನ ಧಾಟಿಯೂ ಕಿವಿಗೆ ಹತ್ತುತ್ತದೆ.

ಭಾರತಕ್ಕೂ ಈ ತಂಡಕ್ಕೂ ಒಂದು ನಂಟಿದೆ. ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ ಎಂಬ ಉತ್ತರ ಪ್ರದೇಶದ ಇಬ್ಬರು ಹುಡುಗರು ಟಿವಿ ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ ಅಮೆರಿಕಕ್ಕೆ ಬಂದರು. 2008ರ ನವೆಂಬರ್‌ನಲ್ಲಿ ಅವರಿಗೆ ಕರಾರು ಕೊಟ್ಟದ್ದು ಪೈರೇಟ್ಸ್. ಮೇಜರ್ ಲೀಗ್ ಮುಟ್ಟಲಿಲ್ಲ, ಕೆಳಗಿನ ಲೀಗ್‌ಗಳಲ್ಲಿ ಆಡಿದರು. ಇಲ್ಲಿನ ಹಳಬರಿಗೆ ಆ ಹೆಸರುಗಳು ಇನ್ನೂ ನೆನಪಿವೆ.

ಈಗ ಪಾಲ್ ಸ್ಕೀನ್ಸ್ ಬಗ್ಗೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 2023ರಲ್ಲಿ ನಮ್ಮವರು ಎಲ್ಲರಿಗಿಂತ ಮೊದಲು ಆರಿಸಿಕೊಂಡ ಪಿಚರ್. 2025ರಲ್ಲಿ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು, ಮತ ಹಾಕಿದವರೆಲ್ಲ ಅವನನ್ನೇ ಮೊದಲ ಸ್ಥಾನಕ್ಕೆ ಬರೆದಿದ್ದರು. ಒಂಬತ್ತು ಇನ್ನಿಂಗ್‌ಗೆ ಸರಾಸರಿ 1.97 ರನ್ ಅಷ್ಟೇ ಕೊಟ್ಟ. ಇಲ್ಲಿ ಗೆಲುವು-ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ, ಆದರೂ ಅವನ ಲೆಕ್ಕದಲ್ಲಿ 10 ಗೆಲುವು, 10 ಸೋಲು, ಯಾಕೆಂದರೆ ನಮ್ಮವರು ರನ್ ಹೊಡೆಯಲಿಲ್ಲ. ಸೋಲುವ ತಂಡದಲ್ಲಿ ಜಗತ್ತಿನ ಅತಿ ಒಳ್ಳೆಯ ಆಟ ನೋಡಲು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅವನು ಐದಾರು ದಿನಕ್ಕೊಮ್ಮೆ ಎಸೆಯುತ್ತಾನೆ. ಮೊದಲ ಸಲ ಹೋಗುವಾಗ ಅವನ ಸರದಿ ನೋಡಿಕೊಂಡು ಹೋಗಿ.

ವಾರದ ಮಧ್ಯದ ದಿನ ಆರಿಸಿ, ಟಿಕೆಟ್ ಕಡಿಮೆಗೆ ಸಿಗುತ್ತದೆ. ಮೇಲಿನ ಅಂತಸ್ತಿನಲ್ಲಿ ಮೂರನೇ ಬೇಸ್ ಕಡೆ ಕೂತರೆ ನದಿಯೂ ಡೌನ್‌ಟೌನ್ ಕಟ್ಟಡಗಳೂ ಎದುರಿಗೇ ಕಾಣುತ್ತವೆ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಚೀಲದ ಅಳತೆಯ ನಿಯಮ ಮಾತ್ರ ಮೊದಲೇ ನೋಡಿಕೊಳ್ಳಿ. ಚಿತ್ರಾನ್ನ ಕಟ್ಟಿಕೊಂಡು ಹೋಗುವ ಕನ್ನಡದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಏಪ್ರಿಲ್‌ನಲ್ಲಿ ರಾತ್ರಿ ಚಳಿ ಜೋರು, ದಪ್ಪ ಜಾಕೆಟ್ ಬೇಕೇ ಬೇಕು. ಯಾವ ದಿನ ಹೋಗುತ್ತೀರಿ ಎಂದು ತಿಳಿಸಿ, ನಾನೂ ಬರುತ್ತೇನೆ. ಪೆನ್ಸಿಲ್ ಹಿಡಿದು ಸ್ಕೋರ್ ಬರೆಯುವುದು ಹೇಗೆ ಎಂದು ಅಲ್ಲೇ ತೋರಿಸಿಕೊಡುತ್ತೇನೆ.