ಆಪರೇಷನ್ ದಿನ ಗೊತ್ತಾಯಿತು, ವಾರ್ಫರಿನ್ ಏನು ಮಾಡಲಿ?

ಕೃತಕ ಹೃದಯ ಕವಾಟ ಹಾಕಿಸಿಕೊಂಡವರಿಗೆ ಮುಂದೆ ಬೇರೊಂದು ಆಪರೇಷನ್ ಬಂದಾಗ ರಕ್ತ ತೆಳು ಮಾಡುವ ಮಾತ್ರೆಯನ್ನು ಹೇಗೆ ನಿಭಾಯಿಸಬೇಕು ಎಂಬುದು ಈ ಸಲದ ಹೆಚ್ಚಿನ ಪತ್ರಗಳ ಪ್ರಶ್ನೆ. ಡೋಸು, ದಿನಾಂಕಗಳನ್ನು ನಿಮ್ಮ ವೈದ್ಯರೇ ಬರೆದುಕೊಡಬೇಕು. ಅವರು ಬರೆದದ್ದು ಹಾಗೇಕೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಪ್ರ: ನಮ್ಮ ತಾಯಿಗೆ 61 ವರ್ಷ, ತೂಕ 58 ಕಿಲೋ. ಮೈಟ್ರಲ್ ಜಾಗದಲ್ಲಿ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ) ಮೆಕ್ಯಾನಿಕಲ್ ವಾಲ್ವ್ ಇದೆ, ಹೃದಯದ ಬಡಿತವೂ ಏರುಪೇರು. ವಾರ್ಫರಿನ್ ತಗೊಳ್ಳುತ್ತಾರೆ. ಗುರುವಾರ ಬೆಳಿಗ್ಗೆ ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುತ್ತಾರಂತೆ. ‘ಐದು ದಿನ ಮೊದಲು ನಿಲ್ಲಿಸಿ, ನಡುವೆ ಇಂಜೆಕ್ಷನ್ ಕೊಡೋಣ’ ಅಂದಿದ್ದಾರೆ. ಐದೇ ದಿನ ಯಾಕೆ? ಯಾವ ದಿನದಿಂದ ಲೆಕ್ಕ?

ಉ: ಮೊದಲು ಲೆಕ್ಕ, ಏಕೆಂದರೆ ಎಡವುವುದೇ ಅಲ್ಲಿ. ‘ಐದು ದಿನ’ ಎಂದರೆ ಐದು ಡೋಸು ತಪ್ಪಬೇಕು ಎಂದರ್ಥ. ಗುರುವಾರ ಆಪರೇಷನ್ ಇದ್ದರೆ ಕೊನೆಯ ಮಾತ್ರೆ ಹಿಂದಿನ ಶುಕ್ರವಾರ ರಾತ್ರಿ. ಶನಿವಾರದಿಂದ ಬುಧವಾರದವರೆಗೆ ಮಾತ್ರೆ ಇಲ್ಲ. ‘ಶನಿವಾರ ನಿಲ್ಲಿಸಿ’ ಎಂದು ಬಾಯಲ್ಲಿ ಹೇಳಿದರೆ, ಶನಿವಾರದ ಮಾತ್ರೆ ನುಂಗಿ ಭಾನುವಾರದಿಂದ ಬಿಡುವವರೇ ಹೆಚ್ಚು. ಆಗ ಆಪರೇಷನ್ ಹಿಂದಿನ ದಿನದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಂಕಿ; ಹೆಚ್ಚಿದಷ್ಟೂ ತಡ) 1.8 ಬರಬಹುದು, ದಿನಾಂಕ ಮುಂದೆ ಹೋಗಬಹುದು. ಕ್ಯಾಲೆಂಡರ್‌ನಲ್ಲಿ ‘ಕೊನೆಯ ಮಾತ್ರೆ’ ಎಂದು ಶುಕ್ರವಾರಕ್ಕೆ ಗುರುತು ಹಾಕಿಬಿಡಿ.

ಇನ್ನು ಐದೇ ದಿನ ಯಾಕೆ ಎಂಬುದು. ವಾರ್ಫರಿನ್ ರಕ್ತಕ್ಕೆ ನೀರು ಬೆರೆಸಿದಂತೆ ತೆಳು ಮಾಡುವುದಿಲ್ಲ; ‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಹೆಪ್ಪುಗಟ್ಟಲು ಬೇಕಾದ ನಾಲ್ಕು ಪ್ರೋಟೀನುಗಳನ್ನು (2, 7, 9, 10ನೇ ಫ್ಯಾಕ್ಟರ್‌ಗಳು) ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಆ ವಿಟಮಿನ್ನಿನ ಮರುಬಳಕೆಯನ್ನು ಈ ಮಾತ್ರೆ ತಡೆಯುತ್ತದೆ. ಮಾತ್ರೆ ಬಿಟ್ಟ ಮೇಲೆ ಮೊದಲು ಅದು ದೇಹದಿಂದ ಹೋಗಬೇಕು. ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ದಿನ ಬೇಕು. ಆಮೇಲೆ ಯಕೃತ್ತು ಹೊಸ ಪ್ರೋಟೀನು ತಯಾರಿಸಬೇಕು. ಇವೆರಡೂ ಸೇರಿ ಐದು ದಿನ. ವಯಸ್ಸಾದವರಲ್ಲಿ, ಕಡಿಮೆ ಡೋಸಿನಲ್ಲೇ ಐಎನ್‌ಆರ್ ನಿಲ್ಲುವವರಲ್ಲಿ ಇನ್ನೊಂದು ದಿನ ಹಿಡಿಯಬಹುದು.

ನಿಮ್ಮ ತಾಯಿಗೆ ಇಂಜೆಕ್ಷನ್ ಹೇಳಿದ್ದು ಸರಿಯೇ. ಮೈಟ್ರಲ್ ಜಾಗದಲ್ಲಿ ರಕ್ತದ ವೇಗ ಕಡಿಮೆ, ಜೊತೆಗೆ ಏರುಪೇರು ಬಡಿತ. ಹೆಪ್ಪುಗಟ್ಟಲು ಎರಡೂ ಅನುಕೂಲ. ಮಾತ್ರೆ ಇಲ್ಲದ ದಿನಗಳಲ್ಲಿ ಹೆಪ್ಪು ತಡೆಯಲು ಸಾಮಾನ್ಯವಾಗಿ ಕೊಡುವುದು ಹೆಪಾರಿನ್ ಗುಂಪಿನ ಎನಾಕ್ಸಪರಿನ್, ಕಿಲೋ ತೂಕಕ್ಕೆ 1 ಮಿಲಿಗ್ರಾಂ, 12 ಗಂಟೆಗೊಮ್ಮೆ. 58 ಕಿಲೋಗೆ 60 ಮಿಲಿಗ್ರಾಂನ ತುಂಬಿದ ಸಿರಿಂಜು ಸರಿಹೋಗುತ್ತದೆ. ಸೋಮವಾರ ಬೆಳಿಗ್ಗೆ ಶುರು. ಸೋಮ, ಮಂಗಳ ಎರಡೆರಡು, ಬುಧವಾರ ಬೆಳಿಗ್ಗೆ ಒಂದು. ಅದೇ ಕೊನೆಯದು. ಬುಧವಾರ ರಾತ್ರಿಯದನ್ನು ‘ಒಂದು ತಪ್ಪಿಹೋಯಿತಲ್ಲ’ ಎಂದು ಯಾರೂ ಕೊಡಬಾರದು. ಕೊನೆಯ ಚುಚ್ಚಿಗೂ ಕತ್ತರಿಗೂ ನಡುವೆ 24 ಗಂಟೆ ಇರಲೇಬೇಕು. ಬೆನ್ನಿಗೆ ಅರಿವಳಿಕೆ ಕೊಡುವುದಾದರಂತೂ ಈ ನಿಯಮ ಕಲ್ಲಿನಲ್ಲಿ ಕೊರೆದದ್ದು: ಬೆನ್ನುಹುರಿಯ ಸುತ್ತ ರಕ್ತ ಕಟ್ಟಿಕೊಂಡರೆ ಕಾಲಿನ ಸ್ವಾಧೀನವೇ ಹೋಗಬಹುದು.

ಬುಧವಾರ ಬೆಳಿಗ್ಗೆ ಐಎನ್‌ಆರ್ ಮಾಡಿಸಿ. 1.5ಕ್ಕಿಂತ ಕಡಿಮೆ ಇದ್ದರೆ ಸರಿ. ಸ್ವಲ್ಪ ಮೇಲಿದ್ದರೆ ಕೆಲವೊಮ್ಮೆ 1ರಿಂದ 2.5 ಮಿಲಿಗ್ರಾಂ ವಿಟಮಿನ್ ಕೆ ಬಾಯಲ್ಲಿ ಕೊಡುತ್ತಾರೆ, ಎಲ್ಲರಿಗೂ ಅಲ್ಲ. ಇಂಜೆಕ್ಷನ್ ಶುರುವಾಗುವ ಮೊದಲೇ ಕ್ರಿಯಾಟಿನಿನ್ ಪರೀಕ್ಷೆಯೂ ಆಗಿರಲಿ. ಎನಾಕ್ಸಪರಿನ್ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅದು ದುರ್ಬಲವಾಗಿದ್ದರೆ ಇದೇ ಡೋಸು ಮೈಯಲ್ಲಿ ಪೇರಿಕೊಳ್ಳುತ್ತದೆ. ಅಂಥವರಿಗೆ ಡೋಸು ಇಳಿಸುತ್ತಾರೆ, ಇಲ್ಲವೇ ಆಸ್ಪತ್ರೆಯಲ್ಲಿಟ್ಟು ಡ್ರಿಪ್‌ನಲ್ಲಿ ಸಾಮಾನ್ಯ ಹೆಪಾರಿನ್ ಕೊಟ್ಟು ಆಪರೇಷನ್‌ಗೆ 4ರಿಂದ 6 ಗಂಟೆ ಮೊದಲು ನಿಲ್ಲಿಸುತ್ತಾರೆ.

ಪ್ರ: ನನಗೆ ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮಹಾಪಧಮನಿಗೆ ರಕ್ತ ಹೊರಡುವ ಜಾಗದ್ದು) ಬದಲಾಯಿಸಿ ಒಂಬತ್ತು ವರ್ಷ. ಎರಡು ಎಲೆಯ ಮೆಕ್ಯಾನಿಕಲ್ ವಾಲ್ವ್, ಬೇರೆ ತೊಂದರೆ ಇಲ್ಲ. ಹರ್ನಿಯಾ ಆಪರೇಷನ್‌ಗೆ ಮಾತ್ರೆ ಮಾತ್ರ ನಿಲ್ಲಿಸಿ, ಇಂಜೆಕ್ಷನ್ ಬೇಡ ಅಂದರು. ನನ್ನ ಪರಿಚಯದವರಿಗೆಲ್ಲ ಇಂಜೆಕ್ಷನ್ ಕೊಟ್ಟಿದ್ದಾರೆ. ನಿರ್ಲಕ್ಷ್ಯವೇ?

ಉ: ಅಲ್ಲ. ನಿಮಗೆ ಹೇಳಿದ್ದೇ ಈಗಿನ ಸರಿಯಾದ ಕ್ರಮ.

ಹಿಂದೆ ಮೆಕ್ಯಾನಿಕಲ್ ವಾಲ್ವ್ ಎಂದ ಕೂಡಲೇ ಇಂಜೆಕ್ಷನ್ ಎನ್ನುವ ರೂಢಿಯಿತ್ತು. ಆದರೆ ಲೆಕ್ಕ ಹಾಕಿ ನೋಡಿ: ಮೆಕ್ಯಾನಿಕಲ್ ವಾಲ್ವ್ ಇರುವವರು ಯಾವ ಔಷಧವೂ ಇಲ್ಲದೆ ಇಡೀ ವರ್ಷ ಇದ್ದರೆ 100ರಲ್ಲಿ ಸುಮಾರು 4 ಜನರಿಗೆ ದೊಡ್ಡ ಹೆಪ್ಪಿನ ಅನಾಹುತ ಆಗುತ್ತದೆ. ಆಪರೇಷನ್ ಹಿಂದೆ ಮುಂದೆ ಸೇರಿ ಎಂಟು ದಿನಕ್ಕೆ ಅದನ್ನು ಇಳಿಸಿದರೆ ಸಾವಿರದಲ್ಲಿ ಒಬ್ಬರಿಗೂ ಕಡಿಮೆ. ಆಪರೇಷನ್ನೇ ಹೆಪ್ಪುಗಟ್ಟುವಿಕೆಯನ್ನು ಕೆರಳಿಸುವುದರಿಂದ ನಿಜವಾದ ಅಪಾಯ ಇದಕ್ಕಿಂತ ಹೆಚ್ಚು, ಮೈಟ್ರಲ್‌ನಲ್ಲಿ ಇನ್ನೂ ಹೆಚ್ಚು, ನಿಜ. ಆದರೂ ಹೆಪಾರಿನ್‌ನಿಂದ ಗಾಯದಲ್ಲಿ ಆಗುವ ರಕ್ತಸ್ರಾವದ ಮುಂದೆ ತೂಗಿ ನೋಡಬೇಕಾಗುತ್ತದೆ. 2015ರಲ್ಲಿ ಪ್ರಕಟವಾದ ‘ಬ್ರಿಡ್ಜ್’ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದವರಲ್ಲಿ ಶೇ 3.2ರಷ್ಟು ಮಂದಿಗೆ ದೊಡ್ಡ ರಕ್ತಸ್ರಾವ, ಪಡೆಯದವರಲ್ಲಿ ಶೇ 1.3. ಹೆಪ್ಪಿನ ತೊಂದರೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ಏರುಪೇರು ಬಡಿತದ ರೋಗಿಗಳು, ಮೆಕ್ಯಾನಿಕಲ್ ವಾಲ್ವ್‌ನವರನ್ನು ಸೇರಿಸಿರಲಿಲ್ಲ. 2021ರ ‘ಪೆರಿಯಾಪ್ 2’ ಅಧ್ಯಯನದಲ್ಲಿ 304 ವಾಲ್ವ್ ರೋಗಿಗಳೂ ಇದ್ದರು. ಆಪರೇಷನ್ ನಂತರ ಇಂಜೆಕ್ಷನ್ ಕೊಟ್ಟಿದ್ದರಿಂದ ಅಲ್ಲೂ ಗಮನಾರ್ಹ ಲಾಭ ಕಾಣಲಿಲ್ಲ.

ಹಾಗಾದರೆ ಇಂಜೆಕ್ಷನ್ ಯಾರಿಗೆ? ಮೈಟ್ರಲ್ ವಾಲ್ವ್ ಜೊತೆಗೆ ಬೇರೆ ಅಪಾಯವೂ ಇರುವವರಿಗೆ, ಹಳೆಯ ಚೆಂಡು-ಪಂಜರ ಅಥವಾ ಒಂದೇ ಬಿಲ್ಲೆಯ ವಾಲ್ವ್ ಇರುವವರಿಗೆ, ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ, ಹೃದಯದ ಪಂಪು ತೀರಾ ಕುಂದಿದವರಿಗೆ ಇದನ್ನು ಯೋಚಿಸುತ್ತಾರೆ. ಪರಿಚಯದವರ ಚೀಟಿ ನೋಡಿ ಹೋಲಿಸುವ ಮೊದಲು ಅವರ ವಾಲ್ವ್ ಯಾವ ಜಾಗದ್ದು ಎಂದು ಕೇಳಿ.

ಪ್ರ: ದವಡೆ ಹಲ್ಲು ಕೀಳಿಸಬೇಕು. ಮಾತ್ರೆ ನಿಲ್ಲಿಸಿ ಬಂದರೆ ಮಾತ್ರ ಕೀಳುತ್ತೇನೆ ಎನ್ನುತ್ತಾರೆ ದಂತವೈದ್ಯರು.

ಉ: ಒಂದೆರಡು ಹಲ್ಲಿಗೆ ನಿಲ್ಲಿಸಬೇಡಿ. ಹಲ್ಲಿನ ಗುಳಿ ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಜಾಗ. ರಕ್ತ ಬಂದರೆ ಒತ್ತಿ ಹಿಡಿಯಬಹುದು. ವಾಲ್ವ್‌ನಲ್ಲಿ ಕಟ್ಟಿದ ಹೆಪ್ಪನ್ನು ಹಾಗೆ ಹಿಡಿಯಲಾಗದು.

ಕೀಳುವ 24 ಗಂಟೆಯೊಳಗೆ ಐಎನ್‌ಆರ್ ನೋಡಿಸಿ, ನಿಮ್ಮ ಗುರಿಯ ಮಿತಿಯಲ್ಲಿದ್ದರೆ (ಸಾಮಾನ್ಯವಾಗಿ 3.5ರ ಒಳಗೆ) ಮುಂದುವರಿಯಬಹುದು. ಬೆಳಗಿನ ಹೊತ್ತೇ ಹೋಗಿ. ಸಂಜೆ ಒಸರಿದರೂ ವೈದ್ಯರು ಸಿಗುತ್ತಾರೆ. ಗುಳಿಗೆ ಕರಗುವ ಸೆಲ್ಯುಲೋಸ್ ತುಂಬಿ ಹೊಲಿಗೆ ಹಾಕಲಿ, ಅದರ ಮೇಲೆ ಗಾಜ್ ಇಟ್ಟು ನೀವು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಐದು ನಿಮಿಷಕ್ಕೊಮ್ಮೆ ತೆಗೆದು ‘ನಿಂತಿತೇ’ ಎಂದು ನೋಡುವುದೇ ನಿಲ್ಲದಿರಲು ಕಾರಣ. ಆಮೇಲೆ ಶೇ 5ರ ಟ್ರಾನೆಕ್ಸಾಮಿಕ್ ಆಸಿಡ್ ದ್ರಾವಣ: 10 ಮಿಲಿ ಬಾಯಲ್ಲಿ ಎರಡು ನಿಮಿಷ ಸುಮ್ಮನೆ ಇಟ್ಟುಕೊಂಡು ಉಗುಳುವುದು, ದಿನಕ್ಕೆ ನಾಲ್ಕು ಸಲ, ಎರಡು ದಿನ. ಸಿದ್ಧ ದ್ರಾವಣ ಸಿಗದಿದ್ದರೆ 500 ಮಿಲಿಗ್ರಾಂ ಮಾತ್ರೆ ಪುಡಿ ಮಾಡಿ 10 ಮಿಲಿ ನೀರಿನಲ್ಲಿ ಕದಡಿದರೆ ಅದೇ ಪ್ರಮಾಣ ಬರುತ್ತದೆ. ಮುಕ್ಕಳಿಸಬೇಡಿ, ಗುಳಿಯಲ್ಲಿ ಕೂತ ಹೆಪ್ಪು ಕಿತ್ತು ಬರುತ್ತದೆ.

ಕೃತಕ ವಾಲ್ವ್ ಇರುವವರಿಗೆ ಹಲ್ಲು ಕೀಳುವ 30ರಿಂದ 60 ನಿಮಿಷ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಒಂದೇ ಸಲ ಬೇಕು, ವಾಲ್ವ್‌ಗೆ ಸೋಂಕು ತಗುಲದಿರಲು. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆ ಔಷಧ ಇದೆ. ನೋವಿಗೆ ಪ್ಯಾರಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಕೀಳುವುದೇನೋ ಸಲೀಸಾಗಿ ಮುಗಿದು, ಆಮೇಲೆ ಬರೆದ ಐದು ದಿನದ ಮೆಟ್ರೊನಿಡಜೋಲ್‌ನಿಂದ ಐಎನ್‌ಆರ್ ಏರಿ ರಕ್ತ ಸೋರುವುದುಂಟು. ಅದನ್ನು ಬರೆದರೆ ಮೂರ್ನಾಲ್ಕು ದಿನದಲ್ಲಿ ಐಎನ್‌ಆರ್ ಮತ್ತೆ ನೋಡಿಸಲೇಬೇಕು.

ಕಣ್ಣಿನ ಪೊರೆ ಆಪರೇಷನ್ ಬಗ್ಗೆ ಕೇಳಿದವರಿಗೂ ಇದೇ ಉತ್ತರ: ನಿಲ್ಲಿಸಬೇಕಿಲ್ಲ, ಸೂಜಿಯ ಬದಲು ಹನಿ ಹಾಕಿ ಮರಗಟ್ಟಿಸುವಂತೆ ಕೇಳಿ. ಪೇಸ್‌ಮೇಕರ್ ಕೂರಿಸುವಾಗಲೂ ವಾರ್ಫರಿನ್ ಮುಂದುವರಿಸುವುದೇ ಮೇಲು ಎಂದು 2013ರ ಅಧ್ಯಯನವೊಂದು ತೋರಿಸಿತು. ನಿಲ್ಲಿಸಿ ಹೆಪಾರಿನ್ ಕೊಟ್ಟವರಲ್ಲಿ ಶೇ 16ರಷ್ಟು ಮಂದಿಗೆ ಪೇಸ್‌ಮೇಕರ್ ಜಾಗದಲ್ಲಿ ತೊಂದರೆ ಕೊಡುವಷ್ಟು ರಕ್ತ ಕಟ್ಟಿಕೊಂಡರೆ, ಮುಂದುವರಿಸಿದವರಲ್ಲಿ ಶೇ 3.5.

ಪ್ರ: ನನ್ನದು ವಾರ್ಫರಿನ್ ಅಲ್ಲ, ಅಸಿನೊಕೌಮರಾಲ್. ನನಗೂ ಐದು ದಿನವೇ?

ಉ: ಸಾಮಾನ್ಯವಾಗಿ ಎರಡು ಮೂರು ದಿನ ಸಾಕು. ಅದು ಅರ್ಧಕ್ಕಿಳಿಯಲು 8ರಿಂದ 11 ಗಂಟೆ ಹಿಡಿಯುತ್ತದೆ ಅಷ್ಟೆ. ವಾರ್ಫರಿನ್ ಲೆಕ್ಕದಲ್ಲಿ ನಿಲ್ಲಿಸಿದರೆ ರಕ್ಷಣೆಯಿಲ್ಲದ ದಿನಗಳನ್ನು ಸುಮ್ಮನೆ ಕೂಡಿಸಿಕೊಂಡಂತೆ. ‘ರಕ್ತ ತೆಳು ಮಾತ್ರೆ’ ಎಂದಷ್ಟೇ ಹೇಳದೆ ಮಾತ್ರೆಯ ಪಟ್ಟಿಯನ್ನೇ ಸರ್ಜನ್ ಮುಂದೆ ಇಡಿ.

ಪ್ರ: ಯಜಮಾನರಿಗೆ ಆಪರೇಷನ್ ಆಗಿ ನಾಲ್ಕನೇ ದಿನ. ಆಪರೇಷನ್ ದಿನ ರಾತ್ರಿಯೇ ವಾರ್ಫರಿನ್ ಶುರು ಮಾಡಿದ್ದಾರೆ, ಹೊಟ್ಟೆಗೆ ಇಂಜೆಕ್ಷನ್ನೂ ಇದೆ. ಇವತ್ತಿನ ಐಎನ್‌ಆರ್ 1.6, ಇರಬೇಕಾದ್ದು 2.5ರಿಂದ 3.5. ಬೇಗ ಏರಲೆಂದು ಎರಡು ಮಾತ್ರೆ ಕೊಡಬಹುದೇ? ಚುಚ್ಚಿದ ಕಡೆಯೆಲ್ಲ ನೀಲಿಗಟ್ಟಿದೆ.

ಉ: ಕೊಡಬೇಡಿ. ನಾಲ್ಕನೇ ದಿನಕ್ಕೆ 1.6 ಎಂದರೆ ತಡವಾದದ್ದೇನಲ್ಲ. ವಾರ್ಫರಿನ್ ನಿಲ್ಲಿಸುವುದು ಸುಲಭ, ಮತ್ತೆ ಹಳಿಗೆ ತರುವುದೇ ಕಷ್ಟದ ಕೆಲಸ.

ಮಾತ್ರೆ ಶುರುವಾದಾಗ ಮೊದಲು ಇಳಿಯುವುದು 7ನೇ ಫ್ಯಾಕ್ಟರ್, ಅದರ ಅರ್ಧಾಯುಷ್ಯ ಸುಮಾರು ಆರು ಗಂಟೆ. ಐಎನ್‌ಆರ್ ಅದಕ್ಕೆ ಬೇಗ ಸ್ಪಂದಿಸಿ ಮೇಲೇರುತ್ತದೆ. ಆದರೆ ಹೆಪ್ಪಿಗೆ ಮುಖ್ಯವಾದ 2ನೇ ಫ್ಯಾಕ್ಟರ್ ಅರ್ಧಕ್ಕಿಳಿಯಲು ಎರಡೂವರೆ ಮೂರು ದಿನ ಬೇಕು. ಅಂದರೆ ಮೊದಲ ದಿನಗಳಲ್ಲಿ ಕಾಗದದ ಮೇಲಿನ ಅಂಕಿ ನಿಜವಾದ ರಕ್ಷಣೆಗಿಂತ ಮುಂದೆ ಓಡಿರುತ್ತದೆ. ಆದ್ದರಿಂದಲೇ ಅಂಕಿ ಗುರಿ ಮುಟ್ಟಿದ ಕೂಡಲೇ ಇಂಜೆಕ್ಷನ್ ಬಿಡುವುದಿಲ್ಲ. ಎರಡೂ ಕೂಡಿ ಕನಿಷ್ಠ ಐದು ದಿನ ಆಗಿ, ಐಎನ್‌ಆರ್ ಗುರಿಯಲ್ಲಿ ನಿಲ್ಲಬೇಕು. ಇಂದು ಎರಡು ಮಾತ್ರೆ ಕೊಟ್ಟರೆ ಅದರ ಪೂರ್ತಿ ಪರಿಣಾಮ ಕಾಣುವುದು ಎರಡು ಮೂರು ದಿನ ಬಿಟ್ಟು. ಅಷ್ಟರಲ್ಲಿ ಅವರು ಸರಿಯಾಗಿ ಊಟ ಮಾಡದೆ ವಿಟಮಿನ್ ಕೆ ಇಳಿದಿರುತ್ತದೆ, ಆಂಟಿಬಯಾಟಿಕ್ ಜೊತೆಗಿರುತ್ತದೆ, ದಿನಕ್ಕೆ ಮೂರು ನಾಲ್ಕು ಪ್ಯಾರಸಿಟಮಾಲ್ ನಡೆದಿರುತ್ತದೆ. ಮೂರೂ ಐಎನ್‌ಆರ್ ಏರಿಸುವಂಥವೇ. ಆಪರೇಷನ್ ದಿನ ಬರದ ರಕ್ತಸ್ರಾವ ಎರಡನೇ ವಾರದಲ್ಲಿ ಬರುವುದು ಹೀಗೆ.

ಈಗ ಎರಡು ಮೂರು ದಿನಕ್ಕೊಮ್ಮೆ ಐಎನ್‌ಆರ್, ಸ್ಥಿರವಾದ ಮೇಲೆ ವಾರಕ್ಕೊಮ್ಮೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ ಎಷ್ಟು ಮಿಲಿಗ್ರಾಂ, ಇಂಜೆಕ್ಷನ್ ಯಾವ ಐಎನ್‌ಆರ್‌ವರೆಗೆ, ಮುಂದಿನ ಪರೀಕ್ಷೆ ಯಾವಾಗ, ಫಲಿತಾಂಶ ಯಾರಿಗೆ ತೋರಿಸಬೇಕು, ಇಷ್ಟು ಇದೆಯೇ ನೋಡಿ. ಕೊನೆಯದೇ ಬಿಟ್ಟುಹೋಗುವುದು ಹೆಚ್ಚು: ಸರ್ಜನ್ ಹೃದಯದವರು ನೋಡಿಕೊಳ್ಳುತ್ತಾರೆ ಎಂದುಕೊಳ್ಳುತ್ತಾರೆ, ಹೃದಯದವರಿಗೆ ಆಪರೇಷನ್ ಆದದ್ದೇ ಗೊತ್ತಿರುವುದಿಲ್ಲ.

ನೀಲಿ ಕಲೆಗಳ ಬಗ್ಗೆ: ಹೊಕ್ಕುಳಿನಿಂದ ಮೂರು ಬೆರಳಗಲ ದೂರ ಬಿಟ್ಟು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಚುಚ್ಚಿ. ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿ ನೇರವಾಗಿ ಒಳಗೆ. ಔಷಧ ಪೂರ್ತಿ ಹೋಗಿ ಸೂಜಿ ಹೊರಬರುವವರೆಗೂ ಮಡಿಕೆ ಬಿಡಬೇಡಿ. ಪೂರ್ತಿ ಡೋಸು ಕೊಡುವಾಗ ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಹಾಕಬೇಕಿಲ್ಲ. ಕೊನೆಗೆ ಉಜ್ಜಬಾರದು, ನೀಲಿಗಟ್ಟಲು ಮುಖ್ಯ ಕಾರಣ ಅದೇ. ಸಣ್ಣ ಕಲೆಗೆ ಗಾಬರಿ ಬೇಡ. ಗಾಯ ಬಿಗಿದು ಊದಿಕೊಂಡರೆ, ಮಲ ಡಾಂಬರಿನಂತೆ ಕಪ್ಪಾದರೆ ತಕ್ಷಣ ಹೋಗಿ. ಹೆಪಾರಿನ್ ಐದು ದಿನ ದಾಟಿದರೆ ಪ್ಲೇಟ್‌ಲೆಟ್ ಎಣಿಕೆಯನ್ನೂ ಮಾಡಿಸಲು ಕೇಳಿ. ಅಪರೂಪಕ್ಕೆ ಅದು ಕುಸಿದು, ರಕ್ತಸ್ರಾವದ ಬದಲು ಹೆಪ್ಪುಗಳೇ ಹುಟ್ಟುತ್ತವೆ.

ಪ್ರ: ಐಎನ್‌ಆರ್ ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳಿವೆಯಂತೆ. ಆಪರೇಷನ್ ನೆಪದಲ್ಲಿ ಬದಲಾಯಿಸಿಕೊಳ್ಳಬಹುದೇ?

ಉ: ಮೆಕ್ಯಾನಿಕಲ್ ವಾಲ್ವ್‌ಗೆ ಬೇಡವೇ ಬೇಡ. ಅಂಥ ಮಾತ್ರೆಗಳಲ್ಲೊಂದಾದ ಡಾಬಿಗಟ್ರಾನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು ಆಗಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಇನ್ನೊಂದಾದ ಅಪಿಕ್ಸಬಾನ್ ಪ್ರಯತ್ನವೂ ಹೀಗೇ ಅರ್ಧಕ್ಕೆ ನಿಂತಿತು.

ಪ್ರ: ಐದು ದಿನ ಕಾಯಲು ಆಗದ ತುರ್ತು ಆಪರೇಷನ್ ಬಂದರೆ?

ಉ: ಕೆಲವು ಗಂಟೆ ಕಾಯಬಹುದಾದರೆ ರಕ್ತನಾಳಕ್ಕೆ ಸ್ವಲ್ಪವೇ ವಿಟಮಿನ್ ಕೆ. ಕಾಯಲಾಗದಿದ್ದರೆ ಹೆಪ್ಪಿನ ಫ್ಯಾಕ್ಟರ್‌ಗಳನ್ನೇ ಸಾಂದ್ರವಾಗಿ ತುಂಬಿದ ಪಿಸಿಸಿ ಎಂಬ ಔಷಧ. ಅದು ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಅದಿಲ್ಲದ ಕಡೆ ಪ್ಲಾಸ್ಮಾ ಕೊಡುತ್ತಾರೆ, ಆದರೆ ಕಿಲೋ ತೂಕಕ್ಕೆ 10ರಿಂದ 15 ಮಿಲಿ ಬೇಕಾಗುವುದರಿಂದ ದುರ್ಬಲ ಹೃದಯಕ್ಕೆ ಅಷ್ಟು ದ್ರವ ಭಾರ. ವಿಟಮಿನ್ ಕೆ ಒಮ್ಮೆಗೇ 10 ಮಿಲಿಗ್ರಾಂ ಸುರಿದರೆ ಆಮೇಲೆ ವಾರಗಟ್ಟಲೆ ವಾರ್ಫರಿನ್ ನಾಟುವುದಿಲ್ಲ. ಪ್ರಾಣಾಪಾಯದ ರಕ್ತಸ್ರಾವವಿದ್ದರೆ ಮಾತ್ರ ಆ ಬೆಲೆ ತೆರಬಹುದು.

ಇಂಥ ಸಂದರ್ಭದಲ್ಲಿ ನಿಮ್ಮ ಬಾಯಿಂದ ಮಾತು ಹೊರಡದಿರಬಹುದು. ವಾಲ್ವ್ ಯಾವ ಬಗೆಯದು, ಯಾವ ಜಾಗದ್ದು, ಮಾತ್ರೆಯ ಹೆಸರು, ಡೋಸು, ಕೊನೆಯ ಐಎನ್‌ಆರ್ ಬರೆದ ಕಾರ್ಡು ಪರ್ಸಿನಲ್ಲಿರಲಿ. ಮಾತ್ರೆ ನಿಂತಿರುವ ದಿನಗಳಲ್ಲಿ ವಾಲ್ವ್‌ನ ಟಿಕ್ ಟಿಕ್ ಸದ್ದು ಮಂಕಾದರೆ, ಏಕಾಏಕಿ ಉಬ್ಬಸ ಬಂದರೆ, ಬಾಯಿ ಸೊಟ್ಟಗಾದರೆ, ಕೈ ಸೋತು ಜಾರಿದರೆ, ಮಾತು ತೊದಲಿದರೆ ಐಎನ್‌ಆರ್ ವರದಿಗಾಗಿ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ.