ಮಧ್ಯಾಹ್ನದ ಕರೆಂಟಿಗೊಂದು ಹಗೇವು

ತುಮಕೂರು ಜಿಲ್ಲೆಯ ಓದುಗರೊಬ್ಬರು ಮೂರು ಪುಟ ಬರ್ದಿದ್ದಾರೆ, ಸಾರಾಂಶ ಇಷ್ಟು: "ಪಾವಗಡದ ಸೋಲಾರ್ ಪಾರ್ಕ್ ನಮಗೆ ದೂರ ಏನಿಲ್ಲ. ಬಿಸಿಲು ಚೆನ್ನಾಗಿರೋ ದಿನ ಕರೆಂಟು ಹೆಚ್ಚಾಯ್ತು ಅಂತ ಸೋಲಾರ್ ಪ್ಲಾಂಟ್‌ಗಳಿಗೆ ಉತ್ಪಾದನೆ ಇಳಿಸಿ ಅಂತಾರಂತೆ. ನಮ್ಮ ಬೋರಿಗೆ ಮಾತ್ರ ತ್ರೀ ಫೇಸ್ ಬರೋದು ರಾತ್ರಿ ಒಂದು ಗಂಟೆಗೆ. ಶರಾವತಿ ಪಂಪ್ಡ್ ಸ್ಟೋರೇಜ್ ಬೇಗ ಕಟ್ಟಿದ್ರೆ ಈ ತಲೆನೋವು ತಪ್ಪಲ್ವಾ? ನಿಮ್ಮಂಥ ಪತ್ರಿಕೆಯೋರು ಯಾಕೆ ಅಡ್ಡಗಾಲು ಹಾಕ್ತೀರಿ?"

ಸ್ವಾಮಿ, ಅಡ್ಡಗಾಲು ಹಾಕೋಕೆ ನಮ್ಗೆ ಉಳಿದಿರೋದೇ ಒಂದು ಕಾಲು, ಇನ್ನೊಂದು ಪ್ರೆಸ್ಸಿನ ಬಾಕಿಯಲ್ಲಿ ಸಿಕ್ಕಾಕೊಂಡಿದೆ. ಆದ್ರೂ ಕಾಗದ ಖುಷಿ ಕೊಡ್ತು, ಯಾಕಂದ್ರೆ ಮೊದಲನೇ ಎರಡು ಸಾಲಲ್ಲೇ ನೀವು ಉತ್ತರ ಬರ್ದಿದ್ದೀರಿ, ಆಮೇಲೆ ಅದನ್ನ ಅಲ್ಲೇ ಬಿಟ್ಟು ಶರಾವತಿಗೆ ಬಸ್ ಹತ್ತಿದ್ದೀರಿ.

ಶರಾವತಿ ಯೋಜನೆ ಪರವಾಗಿ ಹೇಳೋದಿದೆ, ಇಲ್ಲ ಅನ್ನಲ್ಲ. 2000 ಮೆಗಾವ್ಯಾಟ್, ಕೆಳಗೆ ಗೇರುಸೊಪ್ಪ ಮೇಲೆ ತಲಕಳಲೆ, ಎರಡೂ ಈಗಾಗ್ಲೇ ಇರೋ ಜಲಾಶಯಗಳು, ಮಧ್ಯಾಹ್ನ ಹೆಚ್ಚಾದ ಕರೆಂಟಲ್ಲಿ ನೀರು ಮೇಲಕ್ಕೆ ಹತ್ಸೋದು, ಸಂಜೆ ಕೆಳಗಿಳ್ಸಿ ಕರೆಂಟು ತೆಗೆಯೋದು. ನೂರು ಯೂನಿಟ್ ಹಾಕಿದ್ರೆ ಎಪ್ಪತ್ತೈದೋ ಎಂಬತ್ತೋ ವಾಪಸ್ ಬರುತ್ತೆ, ಕಡಿಮೆ ಏನಲ್ಲ. ಆದ್ರೆ ನಡುವೆ ಇರೋದು ಸಿಂಗಳೀಕದ ಕಾಡು. ಮತ್ತೆ ಲಿಂಗನಮಕ್ಕಿ ಇದೆಯಲ್ಲ, 1964ರಿಂದ ಅದೇ ಒಂದು ದೊಡ್ಡ ಬ್ಯಾಟರಿ: ಬಿಸಿಲಿದ್ದಾಗ ನೀರು ಬಿಡದೆ ಹಿಡಿದಿಟ್ಟು ಕತ್ತಲಾದ್ಮೇಲೆ ಬಿಟ್ರೆ ಒಂದು ಯೂನಿಟ್ಟೂ ಪಂಪಿಗೆ ಖರ್ಚಿಲ್ಲ. ಒಂದಷ್ಟು ಹಾಗೆ ನಡೆಸ್ತಾನೂ ಇದಾರೆ.

ನಮ್ಮಜ್ಜಿ ಮನೇಲಿ ಹಗೇವು ಇತ್ತು. ಈಗಿನ ಹುಡುಗರಿಗೆ ಗೊತ್ತಿಲ್ಲದಿದ್ರೆ ಹೇಳ್ತೀನಿ, ನೆಲದಲ್ಲಿ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚಿಬಿಟ್ರೆ ವರ್ಷಗಟ್ಲೆ ಕೆಡ್ತಿರ್ಲಿಲ್ಲ, ಬರ ಬಂದಾಗ ತೆಗೆಯೋದು. ಹಗೇವು ಇರ್ತಿದ್ದಿದ್ದು ಉಣ್ಣೋರ ಮನೆ ಮುಂದೆ, ಇನ್ನೂರು ಮೈಲಿ ಆಚೆ ಘಟ್ಟದಲ್ಲಲ್ಲ. ಕರೆಂಟಿನ ವಿಷಯದಲ್ಲಿ ನನ್ನ ಹಠ ಅಷ್ಟೇ.

ನಿಮ್ಮ ಹೊಲದ ಲೆಕ್ಕ ಮಾಡೋಣ. ಸಾವಿರ ಲೀಟರ್ ನೀರನ್ನ ನೂರು ಮೀಟರ್ ಮೇಲೆತ್ತೋಕೆ ಭೌತಶಾಸ್ತ್ರದ ಪ್ರಕಾರ ಕಾಲು ಯೂನಿಟ್ಟಿಗಿಂತ ಚೂರು ಹೆಚ್ಚು ಸಾಕು, ಪಂಪು ಪೈಪು ತಿನ್ನೋದೆಲ್ಲ ಸೇರ್ಸಿದ್ರೆ ಅರ್ಧ ಯೂನಿಟ್ ಅಂತಿಟ್ಕೊಳ್ಳಿ. ಒಂದು ಲಕ್ಷ ಲೀಟರಿನ ತೊಟ್ಟಿ ಮಧ್ಯಾಹ್ನ ತುಂಬಿದ್ರೆ ಸುಮಾರು ಐವತ್ತು ಯೂನಿಟ್ ಅದರಲ್ಲಿ ಕೂತ ಹಾಗೆ, ಬೋರು ಇನ್ನೂ ಆಳ ಇದ್ರೆ ಅದರ ಎರಡು ಮೂರು ಪಟ್ಟು. ಆ ನೀರಿಂದ ರಾತ್ರಿ ಬಲ್ಬ್ ಉರಿಯಲ್ಲ, ಒಪ್ದೆ, ಆದ್ರೆ ರಾತ್ರಿ ಒಂದು ಗಂಟೆಗೆ ನಿಮ್ಮ ಮೋಟ್ರಿಗೆ ಬೇಕಿದ್ದ ಕಲ್ಲಿದ್ದಲು ಕರೆಂಟು ಬೇಡವೇ ಬೇಡ. ಇದಕ್ಕೆ ಲಿಥಿಯಂ ಬೇಡ, ಸುರಂಗ ಬೇಡ, ಸಿಮೆಂಟು ತೊಟ್ಟಿನೋ ಕೃಷಿಹೊಂಡನೋ ಸಾಕು.

ಹಗಲೇ ಯಾಕೆ ಕೊಡಲ್ಲ ಅಂತೀರಾ? ಕಲ್ಲಿದ್ದಲು ಉರಿಸೋ ಉಷ್ಣ ಸ್ಥಾವರನ ಮಧ್ಯಾಹ್ನ ಆರಿಸಿ ಸಂಜೆ ಹಚ್ಚೋಕೆ ಅದೇನು ಗ್ಯಾಸ್ ಸ್ಟೌ ಅಲ್ಲ, ಅದರ ಸಾಮರ್ಥ್ಯದ ಸುಮಾರು ನೂರಕ್ಕೆ ಐವತ್ತೈದರ ಕೆಳಗಿಳಿಸೋದು ಕಷ್ಟ, ಸಂಜೆ ಏಳಕ್ಕೆ ಎಲ್ರ ಮನೇಲೂ ಲೈಟು ಟಿವಿ ಹತ್ತಿದಾಗ ಅದು ಬೇಕೇ ಬೇಕು, ಹಾಗಾಗಿ ಮಧ್ಯಾಹ್ನ ಅದನ್ನ ಉರಿಸ್ಕೊಂಡೇ ಇರ್ತಾರೆ, ಸೂರ್ಯನಿಗೆ ಸುಮ್ನಿರು ಅಂತಾರೆ. ರಾಜಸ್ಥಾನದಲ್ಲಿ ಇನ್ನೂ ವಿಚಿತ್ರ, ಪ್ಯಾನೆಲ್ ಇದೆ ಬಿಸಿಲಿದೆ, ಸಾಗಿಸೋಕೆ ಲೈನೇ ಸಾಲದು. ನಮ್ಮಲ್ಲಿ ಪಾವಗಡಕ್ಕೆ ರೈತರು ಸುಮಾರು 13,000 ಎಕರೆ ಕೊಟ್ರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರುವಾದ ಬಾಡಿಗೆ, 2050 ಮೆಗಾವ್ಯಾಟ್. ಇಷ್ಟು ಜಮೀನು ಇಸ್ಕೊಂಡು ಬೆಳೆದಿದ್ದನ್ನ ಕಣದಲ್ಲೇ ಬಿಟ್ಟಂಗಾಯ್ತು. ಹಲ್ಲಿದ್ದೋನಿಗೆ ಕಡಲೆ ಇಲ್ಲ ಅಂತಾರಲ್ಲ, ಇಲ್ಲಿ ಹಲ್ಲೂ ಇದೆ ಕಡಲೆನೂ ಇದೆ, ಟೈಮ್ ಟೇಬಲ್ ಸರಿ ಇಲ್ಲ.

ಫೀಡರ್, ಅಂದ್ರೆ ಪಂಪುಗಳಿಗೆ ಕರೆಂಟು ಒಯ್ಯೋ ಲೈನು, ಅದರ ಪಕ್ಕದಲ್ಲೇ ಸಣ್ಣ ಸೋಲಾರ್ ಇಟ್ಟು ಪಂಪುಗಳಿಗೆ ಹಗಲಲ್ಲೇ ಕೊಡೋ ಕುಸುಮ್ ಸಿ ಅನ್ನೋ ಸರ್ಕಾರಿ ಯೋಜನೆ ಗೌರಿಬಿದನೂರು ಕಡೆ 2025ರಲ್ಲಿ ಶುರುವಾಗಿದೆ, ಅದು ನನ್ನ ಕಣ್ಣಿಗೆ ಶರಾವತಿಗಿಂತ ದೊಡ್ಡ ಸುದ್ದಿ. ಬ್ಯಾಟರಿ ಬೇಡ ಅಂತಲೂ ಅಲ್ಲ, ಛತ್ತೀಸ್‌ಗಢದ ರಾಜನಾಂದಗಾಂವ್‌ನಲ್ಲಿ 2024ರಿಂದ ಸೋಲಾರ್ ಜೊತೆಗೇ 120 ಮೆಗಾವ್ಯಾಟ್ ಅವರ್, ಅಂದ್ರೆ ಒಂದು ಲಕ್ಷದ ಇಪ್ಪತ್ತು ಸಾವಿರ ಯೂನಿಟ್ ಹಿಡಿಯೋ ಬ್ಯಾಟರಿ ಕೂತಿದೆ, ಅಂಥದ್ದೇ ಚಿಕ್ಕ ಚಿಕ್ಕದು ನಮ್ಮ ತಾಲೂಕು ಸಬ್‌ಸ್ಟೇಷನ್‌ಗಳಲ್ಲಿ ಇಡ್ಲಿ, ಸಂಜೆ ಊರಿನ ದೀಪಕ್ಕೆ ಆಗುತ್ತೆ. ಆದ್ರೆ ನಮ್ಮ ಜನಕ್ಕೆ ಸಣ್ಣದು ಅಂದ್ರೆ ಅಸಡ್ಡೆ. ಸಾವಿರ ತೊಟ್ಟಿಗೆ ಶಂಕುಸ್ಥಾಪನೆ ಮಾಡೋಕಾಗಲ್ಲ, ಹೂವಿನ ಹಾರ ಸಾಲಲ್ಲ, ಟೆಂಡರ್ ಮೊತ್ತ ಕೇಳಿದ್ರೆ ಯಾವ ಕಾಂಟ್ರಾಕ್ಟರೂ ಫೋನ್ ಎತ್ತಲ್ಲ.

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಟಾರ್ಚ್ ಹಿಡ್ಕೊಂಡು ರಾತ್ರಿ ಮೋಟ್ರು ಹಾಕೋಕೆ ಹೋದೋರು, ಎರಡು ಸಲ ಹಾವು ಕಾಲ ಪಕ್ಕದಲ್ಲೇ ಹೋಗಿತ್ತಂತೆ. ಆಮೇಲೆ ಆಟೋ ಸ್ಟಾರ್ಟರ್ ಹಾಕ್ಸಿದ್ರು, ಹಾವಿನ ಭಯ ಹೋಯ್ತು, ಆದ್ರೆ ಕರೆಂಟು ಬಂದ ತಕ್ಷಣ ಸುತ್ತಲ ಮೋಟ್ರೆಲ್ಲ ಒಟ್ಟಿಗೆ ಗುರ್ ಅಂದು ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಊರೇ ಕತ್ಲೆ, ಬಿಲ್ಲಿಲ್ಲದ ನೀರು ಬೆಳಗಿನವರೆಗೆ ರಸ್ತೆ ಮೇಲೆ. ಹತ್ತು ಎಚ್‌ಪಿವರೆಗಿನ ಪಂಪಿಗೆ ಕರೆಂಟು ಪುಕ್ಕಟೆ, ಮೀಟರ್ ಮಾತೆತ್ತಿದ್ರೆ ಓಟು ಹೋಗುತ್ತೆ, ಹಾಗಾಗಿ ಯಾರೂ ಎತ್ತಲ್ಲ. ಇದನ್ನ ಹೇಳಿದ್ದಕ್ಕೆ ನೀವು ಚಂದಾ ನಿಲ್ಲಿಸ್ಬೇಡಿ.

ಬೆಂಗಳೂರಿನೋರು ನಗೋದು ಬೇಡ. ಗಾಜಿನ ಕಟ್ಟಡ ಕಟ್ತಾರೆ, ಬಿಸಿಲು ಹೊಡೆಯುತ್ತೆ ಅಂತ ಪರದೆ ಎಳೀತಾರೆ, ಕತ್ಲಾಯ್ತು ಅಂತ ಮಧ್ಯಾಹ್ನ ಲೈಟ್ ಹಾಕ್ತಾರೆ. ನಮ್ಮ ಆಫೀಸೂ ಹಾಗೇ ಇದೆ, ಬಾಡಿಗೆ ಕಡಿಮೆ ಅಂತ ಇದೀವಿ.

ಅಂದ ಹಾಗೆ, ಮೂರು ಪುಟದಲ್ಲಿ ಎಲ್ಲ ಬರ್ದಿರಿ, ನಿಮ್ಮ ಹೊಲದಲ್ಲಿ ತೊಟ್ಟಿ ಇದೆಯೋ ಇಲ್ವೋ, ಇದ್ರೆ ಎಷ್ಟು ಲೀಟರಿಂದು ಅಂತ ಮಾತ್ರ ಬರೀಲೇ ಇಲ್ಲ.