ಬೆಂಗಳೂರಿನ ಹಳೆಯ ಫೋಟೋ ಯಾವ ಕಾಲದ್ದು ಎಂದು ಹೇಗೆ ಪತ್ತೆ ಹಚ್ಚುವುದು?

ಫೋಟೋದ ಕೆಳಗೆ ಬರೆದಿರುವ ಇಸವಿಯನ್ನು ಸುಮ್ನೆ ನಂಬಬೇಡಿ. ಫಾರ್ವರ್ಡ್ ಆಗಿ ಬಂದಿದ್ದರಂತೂ ನಂಬಲೇಬೇಡಿ! ಚಿತ್ರದಲ್ಲಿ ಏನಿದೆ, ಏನಿಲ್ಲ ಅನ್ನೋದನ್ನು ನೋಡಿ.

ಬೀದಿಯಲ್ಲಿ ಕರೆಂಟಿನ ದೀಪ ಇದೆಯಾ? ಹಾಗಾದರೆ 1905ರ ನಂತರದ್ದು. ಆ ವರ್ಷವೇ ಇಲ್ಲಿ ವಿದ್ಯುತ್ ಬೀದಿದೀಪ ಬಂದಿದ್ದು. ಕಬ್ಬನ್ ಪಾರ್ಕ್ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಕಂಡರೆ 1906ಕ್ಕಿಂತ ಹಿಂದಿನದಲ್ಲ. ಲಾಲ್‌ಬಾಗಿನ ಗಾಜಿನ ಮನೆ 1889ರದ್ದು. ನನಗೆ ಜಾಸ್ತಿ ಇಷ್ಟವಾಗೋದು ಅಠಾರ ಕಚೇರಿಯ ಚಿತ್ರಗಳು. ಈಗಿನ ಹೈಕೋರ್ಟಿನ ಆ ಕೆಂಪು ಕಟ್ಟಡದ ಎದುರು ವಿಧಾನಸೌಧ ಇರಬೇಕಾದ ಕಡೆ ಬರೀ ಬಯಲು ಕಂಡರೆ, ಅದು 1950ರ ದಶಕಕ್ಕಿಂತ ಹಳೆಯದು. ಸೌಧ ಮುಗಿದದ್ದು 1956ರಲ್ಲಿ.

ಕೆರೆಗಳೂ ಸುಳಿವು ಕೊಡುತ್ತವೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಸ್ಟೇಡಿಯಂ ನಿಂತಿರೋದು ಸಂಪಂಗಿ ಕೆರೆಯ ಅಂಗಳದಲ್ಲಿ. ಪೋಸ್ಟ್‌ಕಾರ್ಡಿನಲ್ಲಿ 'ಸೌತ್ ಪೆರೇಡ್' ಅಂತ ಇದ್ದರೆ ಅದು ಇವತ್ತಿನ ಎಂ.ಜಿ. ರಸ್ತೆ.

ಒಂದು ಎಚ್ಚರಿಕೆ. ತುಂಬ ಹಳೆಯ ಫೋಟೋಗಳಲ್ಲಿ ರಸ್ತೆ ಖಾಲಿ ಕಂಡರೆ ಜನರೇ ಇರಲಿಲ್ಲ ಅಂದುಕೊಳ್ಳಬೇಡಿ. ಆಗಿನ ಕ್ಯಾಮೆರಾದ ಮುಚ್ಚಳ ತುಸು ಹೊತ್ತು ತೆರೆದೇ ಇರಬೇಕಿತ್ತು. ನಡೆದಾಡುವವರು ಮಸುಕಾಗುತ್ತಿದ್ದರು, ಇಲ್ಲವೇ ಮಾಯವೇ ಆಗುತ್ತಿದ್ದರು. ಗಾಜಿನ ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿರುವುದೂ ಉಂಟು. ಅಂಗಡಿ ಬೋರ್ಡಿನ ಅಕ್ಷರ ನೇರವಾಗಿದೆಯಾ ಅಂತ ಒಮ್ಮೆ ನೋಡಿಬಿಡಿ.